ಯಂತ್ರದ ಲೆಕ್ಕ, ದಾದಿಯ ಕಳವಳ

ಹಾಸನಕ್ಕೆ ಅನತಿದೂರದಲ್ಲಿರುವ ಮೊಸಳೆಯೆಂಬ ಗ್ರಾಮದಲ್ಲಿ, ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲಕ್ಕೆ ಸೇರಿದ ಎರಡು ದೇವಾಲಯಗಳು, ನಡುವೆ ಕೆಲವೇ ಅಡಿಗಳ ಅಂತರವನ್ನಿಟ್ಟುಕೊಂಡು, ಅವಳಿ ಮಕ್ಕಳಂತೆ ಪೂರ್ವಾಭಿಮುಖವಾಗಿ ನಿಂತಿವೆ. ಒಂದು ನಾಗೇಶ್ವರನದು, ಇನ್ನೊಂದು ಚೆನ್ನಕೇಶವನದು. ವಿನ್ಯಾಸ ಒಂದೇ, ಅಳತೆ ಹೆಚ್ಚುಕಡಿಮೆ ಒಂದೇ. ಆದುದರಿಂದ ಅವಸರದ ಪ್ರವಾಸಿಯು ಒಂದನ್ನು ನೋಡಿ, ಮತ್ತೊಂದೂ ಹೀಗೆಯೇ ಎಂದುಕೊಂಡು ಕಾರು ಹತ್ತಿಬಿಡುವುದುಂಟು. ಗೋಡೆಗೆ ಹತ್ತಿರವಾಗಿ ನಿಂತು, ಒಂದೊಂದು ಮೂರ್ತಿಯ ಕೈಯಲ್ಲಿ ಏನಿದೆಯೆಂದು ವಿಚಾರಿಸುತ್ತ, ನಿಧಾನವಾಗಿ ಸುತ್ತು ಬಂದವನಿಗೆ ಮಾತ್ರವೇ ಒಂದರ ಶೈವವೂ ಇನ್ನೊಂದರ ವೈಷ್ಣವವೂ ಬೇರೆಬೇರೆಯಾಗಿ ಗೋಚರಿಸುವುವು.

ಆಸ್ಪತ್ರೆಯ ವಾರ್ಡಿನಲ್ಲಿ ಪಕ್ಕಪಕ್ಕದ ಮಂಚಗಳ ಮೇಲೆ ಮಲಗಿರುವ ಇಬ್ಬರು ರೋಗಿಗಳನ್ನು ಕಂಡಾಗಲೆಲ್ಲ ನನಗೆ ಈ ಅವಳಿ ಗುಡಿಗಳ ಸ್ಮರಣೆಯಾಗುತ್ತದೆ. ಅರಕಲಗೂಡು ಕಡೆಯ ಆಲೂಗಡ್ಡೆ ಬೆಳೆಗಾರನೊಬ್ಬನನ್ನೂ ಚನ್ನರಾಯಪಟ್ಟಣದ ನಿವೃತ್ತ ಮೇಷ್ಟರೊಬ್ಬರನ್ನೂ ಕಲ್ಪಿಸಿಕೊಳ್ಳೋಣ. ಇಬ್ಬರಿಗೂ ಎಪ್ಪತ್ತರ ಮೇಲೆ ಪ್ರಾಯ. ಇಬ್ಬರಿಗೂ ಸಕ್ಕರೆ ಕಾಯಿಲೆ. ಇಬ್ಬರೂ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಶಸ್ತ್ರಕ್ರಿಯೆ ಮಾಡಿಸಿಕೊಂಡವರು. ಕೇಸ್ ಶೀಟಿನಲ್ಲಿ ಇಬ್ಬರದೂ ಒಂದೇ ಕಥೆ. ಆದರೆ ಅವರ ಆರೈಕೆ ಒಂದೇ ಆಗಬಹುದೆ? ಈ ಪ್ರಶ್ನೆಗೆ ದಿನವೂ ಪಾಳಿಪಾಳಿಯಲ್ಲಿಯೂ ಉತ್ತರ ಕಂಡುಕೊಳ್ಳಬೇಕಾದವಳು ದಾದಿ. ಮತ್ತು ಈಚೆಗೆ, ಆಕೆಯ ಪಕ್ಕದಲ್ಲಿ ನಿಂತು ಉತ್ತರ ಹೇಳಿಕೊಡಲು ಬರುತ್ತಿರುವುದು ಕೃತಕ ಬುದ್ಧಿಮತ್ತೆಯೆಂಬ ಹೊಸ ಸಹಾಯಕ.

ವೈದ್ಯರು ಬರೆದುಕೊಟ್ಟ ಔಷಧವನ್ನು ವೇಳೆಗೆ ಸರಿಯಾಗಿ ಕೊಡುವುದು, ಡ್ರಿಪ್ ಮುಗಿದಾಗ ಬದಲಿಸುವುದು, ಇಷ್ಟೇ ದಾದಿಯ ಕೆಲಸವೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಇದು ಅರ್ಧಸತ್ಯ. ವೈದ್ಯನು ರೋಗವನ್ನು ನಿರ್ಣಯಿಸುವಂತೆಯೇ, ಆ ರೋಗದೊಡನೆ ಬದುಕುತ್ತಿರುವ ಮನುಷ್ಯನ ಅವಶ್ಯಕತೆಗಳನ್ನು ನಿರ್ಣಯಿಸುವುದು ಶುಶ್ರೂಷೆಯ ಸ್ವತಂತ್ರ ವಿದ್ಯೆ. ನರ್ಸಿಂಗ್ ಕಾಲೇಜಿನಲ್ಲಿ ಇದನ್ನು ಐದು ಮೆಟ್ಟಿಲುಗಳಾಗಿ ಕಲಿಸುತ್ತಾರೆ: ಮೊದಲು ರೋಗಿಯ ಸ್ಥಿತಿಯನ್ನು ಪರಿಶೀಲಿಸುವುದು, ಆಮೇಲೆ ಅವನ ಸಮಸ್ಯೆಯನ್ನು ಗುರುತಿಸುವುದು, ಅದಕ್ಕೆ ತಕ್ಕ ಆರೈಕೆಯ ಯೋಜನೆಯನ್ನು ಬರೆಯುವುದು, ಅದನ್ನು ನಡೆಸುವುದು, ಕಡೆಯಲ್ಲಿ ಫಲಿತಾಂಶವನ್ನು ನೋಡಿ ಯೋಜನೆಯನ್ನು ತಿದ್ದುವುದು. ಐದನೆಯ ಮೆಟ್ಟಿಲು ಮತ್ತೆ ಮೊದಲನೆಯದಕ್ಕೇ ಒಯ್ಯುವುದರಿಂದ, ರೋಗಿ ಮನೆಗೆ ಹೋಗುವವರೆಗೆ ಇದು ಮುಗಿಯದ ಪ್ರದಕ್ಷಿಣೆ.

ಈ ವಿದ್ಯೆಗೂ ಗಣಿತಕ್ಕೂ ಇರುವ ನಂಟು ಹೊಸದಲ್ಲ. ದೀಪಧಾರಿಣಿಯೆಂದು ಲೋಕವೆಲ್ಲ ಕೊಂಡಾಡುವ ಫ್ಲಾರೆನ್ಸ್ ನೈಟಿಂಗೇಲ್, ಕ್ರಿಮಿಯಾ ಯುದ್ಧದಲ್ಲಿ ಗಾಯಕ್ಕಿಂತ ಸಾಂಕ್ರಾಮಿಕ ರೋಗದಿಂದ ಸತ್ತ ಸಿಪಾಯಿಗಳೇ ಹೆಚ್ಚೆಂಬುದನ್ನು 1858ರಲ್ಲಿ ಚಕ್ರಾಕಾರದ ನಕ್ಷೆಯೊಂದರ ಮೂಲಕ ಅಧಿಕಾರಿಗಳ ಕಣ್ಣಿಗೆ ಕಟ್ಟುವಂತೆ ತೋರಿಸಿದ ಸಂಖ್ಯಾಶಾಸ್ತ್ರಜ್ಞೆಯೂ ಹೌದು. 1987ರಲ್ಲಿ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಎಂಬ ಇಬ್ಬರು ದಾದಿಯರು, ಮಲಗಿದಲ್ಲೇ ಮಲಗಿದ ರೋಗಿಗೆ ಬೆನ್ನಿನಲ್ಲಿಯೂ ಹಿಮ್ಮಡಿಯಲ್ಲಿಯೂ ಆಗುವ ಒತ್ತಡದ ಹುಣ್ಣನ್ನು ಮುಂಚಿತವಾಗಿ ಊಹಿಸುವ ಮಾಪನವೊಂದನ್ನು ಪ್ರಕಟಿಸಿದರು. ನಮ್ಮ ಆಲೂಗಡ್ಡೆ ಬೆಳೆಗಾರನನ್ನು ಅದರಿಂದ ಅಳೆಯೋಣ. ನೋವನ್ನು ಅರಿತು ಹೇಳುವ ಶಕ್ತಿ ಕೊಂಚ ಕುಂದಿದೆ, 3. ಮೈ ಆಗಾಗ ಬೆವರುತ್ತದೆ, 3. ಹಾಸಿಗೆ ಬಿಟ್ಟು ಏಳುವಂತಿಲ್ಲ, 1. ತಾನಾಗಿ ಮಗ್ಗುಲಾಗುವುದು ಕಷ್ಟ, 2. ತಟ್ಟೆಯ ಮುದ್ದೆಯಲ್ಲಿ ಅರ್ಧ ಹಾಗೆಯೇ ಉಳಿಯುತ್ತದೆ, 2. ಮೇಲಕ್ಕೆ ಸರಿಸುವಾಗ ಚರ್ಮ ಹಾಸಿಗೆಗೆ ಉಜ್ಜುತ್ತದೆ, 1. ಒಟ್ಟು 12. ಪೂರ್ಣಾಂಕ 23, ಹದಿನೆಂಟಕ್ಕೆ ಇಳಿದರೇ ಎಚ್ಚರ ಬೇಕು, ಹನ್ನೆರಡೆಂದರೆ ಅಪಾಯ ಹೆಚ್ಚೆಂದೇ ಅರ್ಥ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದೂ, ಹಿಮ್ಮಡಿಯ ಕೆಳಗೆ ದಿಂಬಿಡಬೇಕೆಂಬುದೂ, ಊಟವನ್ನು ಗಮನಿಸಬೇಕೆಂಬುದೂ ಈ ಒಂದು ಅಂಕಿಯಿಂದ ಹೊರಡುವ ಯೋಜನೆ.

ಇನ್ನೊಂದು ಲೆಕ್ಕವನ್ನು ನೋಡಿ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ಸಂಸ್ಥೆಯು 2012ರಲ್ಲಿ ಹೊರತಂದು 2017ರಲ್ಲಿ ಪರಿಷ್ಕರಿಸಿದ ಮುನ್ನೆಚ್ಚರಿಕೆಯ ಅಂಕಪಟ್ಟಿ ಅದು. ಶಸ್ತ್ರಕ್ರಿಯೆಯಾದ ಮೂರನೆಯ ರಾತ್ರಿ, ಎರಡು ಗಂಟೆಯ ಸಮಯ. ನಮ್ಮ ರೈತನ ಉಸಿರು ನಿಮಿಷಕ್ಕೆ 22, ರಕ್ತದಲ್ಲಿನ ಆಮ್ಲಜನಕ ಶೇಕಡ 94, ನಾಡಿ 104, ಮೇಲಿನ ಬಿಪಿ 108, ಜ್ವರ 100.8 ಡಿಗ್ರಿ. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ನಿದ್ದೆಗಣ್ಣಿನ ಮನುಷ್ಯನಿಗೆ ಯಾವುದೂ ಭಯಂಕರವೆನಿಸುವುದಿಲ್ಲ. ಜ್ವರಕ್ಕೊಂದು ಮಾತ್ರೆ ಕೊಟ್ಟು ಬೆಳಿಗ್ಗೆ ನೋಡೋಣವೆಂದುಕೊಳ್ಳುವುದೇ ಸಹಜ. ಪಟ್ಟಿಯ ಪ್ರಕಾರ ಉಸಿರಿಗೆ 2, ಉಳಿದ ನಾಲ್ಕಕ್ಕೆ ತಲಾ 1, ಕೂಡಿದರೆ 6. ಐದು ಮುಟ್ಟಿದರೇ ವೈದ್ಯರನ್ನು ಕೂಡಲೇ ಕರೆಯತಕ್ಕದ್ದೆಂಬುದು ನಿಯಮ. ಹನಿಹನಿಯಾಗಿ ಬಂದ ಅಪಾಯವು ಕೂಡುವ ಲೆಕ್ಕದಲ್ಲಿ ಹಳ್ಳವಾಗಿ ಕಾಣಿಸಿಕೊಳ್ಳುವ ಬಗೆ ಇದು.

ಇಷ್ಟಕ್ಕೆ ಯಂತ್ರವೇಕೆ, ಕಾಗದವೂ ಪೆನ್ನೂ ಸಾಲದೆ ಎಂದರೆ, ಸಾಲುತ್ತದೆ, ರೋಗಿ ಒಬ್ಬನೇ ಆಗಿದ್ದರೆ. ಸಾಮಾನ್ಯ ಆಸ್ಪತ್ರೆಯಲ್ಲಿ ಐವರು ರೋಗಿಗಳಿಗೆ ಒಬ್ಬ ದಾದಿ, ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬರು ಇರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಆದರೆ ನಮ್ಮ ಜಿಲ್ಲೆ-ತಾಲ್ಲೂಕುಗಳ ಆಸ್ಪತ್ರೆಯಲ್ಲಿ ಒಂದು ರಾತ್ರಿ ಕಳೆದ ಯಾರಿಗಾದರೂ ಮಾನದಂಡಕ್ಕೂ ಮಂಚಗಳಿಗೂ ಇರುವ ದೂರ ತಿಳಿದೇ ಇರುತ್ತದೆ. ಅಂಥ ರಾತ್ರಿಯಲ್ಲಿ ಪ್ರತಿಯೊಬ್ಬರ ಅಂಕಗಳನ್ನೂ ಗಂಟೆಗಂಟೆಗೆ ಕೂಡಿ, ಹಿಂದಿನ ಪಾಳಿಯ ಅಂಕದೊಡನೆ ಹೋಲಿಸಿ, ಯಾರು ಇಳಿಜಾರಿನಲ್ಲಿದ್ದಾರೆಂದು ಹೇಳುವ ದಣಿವರಿಯದ ಗುಮಾಸ್ತನೊಬ್ಬನಿದ್ದರೆ, ಅವನನ್ನು ಬೇಡವೆನ್ನುವ ದಾದಿ ಇರಲಾರಳು.

ಕೂಡುವುದಷ್ಟೇ ಆದರೆ ಅದನ್ನು ಬುದ್ಧಿಯೆಂದು ಕರೆಯಬೇಕಾಗಿಲ್ಲ. ರಾಮನಾಥಪುರದ ದನಗಳ ಜಾತ್ರೆಯಲ್ಲಿ ಹಳೆಯ ದಲ್ಲಾಳಿಯೊಬ್ಬನು, ಹೋರಿ ನಾಲ್ಕು ಹೆಜ್ಜೆ ನಡೆಯುವುದರೊಳಗೆ ಅದರ ಕಾಲಿನ ದೋಷವನ್ನು ಹೇಳಿಬಿಡುತ್ತಾನೆ. ಹೇಗೆ ತಿಳಿಯಿತೆಂದು ಕೇಳಿದರೆ ವಿವರಿಸಲಾರನು. ಸಾವಿರಾರು ಹೋರಿಗಳ ನಡೆಯನ್ನು ಕಂಡ ಕಣ್ಣು ಅದು. ಕೃತಕ ಬುದ್ಧಿಮತ್ತೆಯ ಕಲಿಕೆಯೂ ಸ್ಥೂಲವಾಗಿ ಇದೇ ಜಾತಿಯದು: ಲಕ್ಷಾಂತರ ಹಳೆಯ ರೋಗಿಗಳ ದಾಖಲೆಗಳನ್ನೂ, ಅವರಲ್ಲಿ ಯಾರು ಗುಣಮುಖರಾದರು ಯಾರು ಹದಗೆಟ್ಟರೆಂಬುದನ್ನೂ ಅದಕ್ಕೆ ಉಣಿಸಿದಾಗ, ಯಾವ ಚಿಹ್ನೆಗಳು ಯಾವ ಪರಿಣಾಮಕ್ಕೆ ಮುನ್ಸೂಚನೆಯಾಗುತ್ತವೆಂಬುದನ್ನು ಅದು ತಾನಾಗಿ ಹೊಂದಿಸಿಕೊಳ್ಳುತ್ತದೆ, ಹೊಸ ರೋಗಿ ಬಂದಾಗ ಆ ಹೊಂದಿಕೆಯನ್ನು ಮುಂದಿಟ್ಟು, ಇಂಥ ಅಪಾಯದ ಸಂಭವ ಇಷ್ಟೆಂದು ಹೇಳುತ್ತದೆ.

ನಮ್ಮ ರಾಜ್ಯದಲ್ಲಿ ಇದು ಕೇವಲ ಪುಸ್ತಕದ ಮಾತಾಗಿ ಉಳಿದಿಲ್ಲ. ಬೆಂಗಳೂರಿನಲ್ಲಿ 2015ರಲ್ಲಿ ಹುಟ್ಟಿದ ಡೋಝೀ ಎಂಬ ಕಂಪನಿಯ ತೆಳು ಹಾಳೆಯೊಂದನ್ನು ಹಾಸಿಗೆಯ ಕೆಳಗೆ ಹಾಸಿದರೆ, ಹೃದಯ ರಕ್ತವನ್ನು ಒತ್ತುವಾಗಲೂ ಎದೆ ಉಸಿರಿಗೆ ಏರಿಳಿಯುವಾಗಲೂ ಮೈಯಲ್ಲಿ ಏಳುವ ಸೂಕ್ಷ್ಮ ಕಂಪನಗಳನ್ನು ಅದು ಗ್ರಹಿಸಿ, ನಾಡಿಯನ್ನೂ ಉಸಿರನ್ನೂ ಎಡೆಬಿಡದೆ ಎಣಿಸುತ್ತದೆ. ರೋಗಿಯ ಮೈಗೆ ಒಂದು ತಂತಿಯನ್ನೂ ಅಂಟಿಸಬೇಕಾಗಿಲ್ಲ. ಅಂಕಿಗಳು ಕೆಡುವ ದಿಕ್ಕಿಗೆ ತಿರುಗಿದಾಗ ದಾದಿಯ ಮೇಜಿನ ಪರದೆಯ ಮೇಲೆ ಎಚ್ಚರಿಕೆ ಮೂಡುತ್ತದೆ.

ಹಾಸನದವರಿಗೆ ಇನ್ನೂ ಹತ್ತಿರದ ನಿದರ್ಶನ ಹೃದಯದ್ದು. 2025ರ ಮೇ-ಜೂನ್ ತಿಂಗಳುಗಳಲ್ಲಿ ಈ ಜಿಲ್ಲೆಯಲ್ಲಿ ಒಂದರ ಹಿಂದೊಂದು ಹಠಾತ್ ಸಾವುಗಳು ಸುದ್ದಿಯಾಗಿ, ಏನೂ ಆಗದವರು ಕೂಡ ಎದೆ ಹಿಡಿದುಕೊಂಡು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ನಸುಕಿನಲ್ಲೇ ಸಾಲುಗಟ್ಟಿದ್ದನ್ನು ಯಾರೂ ಮರೆತಿಲ್ಲ. ಆಗ ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ನೇಮಿಸಿದ ತಜ್ಞರ ಸಮಿತಿಯು ದಾಖಲೆಗಳನ್ನು ಎಣಿಸಿ ತೂಗಿ, ಅಸಹಜವಾದ ಏರಿಕೆ ಕಾಣುವುದಿಲ್ಲವೆಂದು ವರದಿ ಕೊಟ್ಟಿತು. ಅದೇ ಸಂದರ್ಭದಲ್ಲಿ, 2023ರಲ್ಲಿ ಪ್ರಕಟವಾಗಿದ್ದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಘೋಷಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯು ತತ್‌ಕ್ಷಣವೇ ದೂರದ ಹೃದ್ರೋಗ ಕೇಂದ್ರಕ್ಕೆ ತಲುಪುತ್ತದೆ. ಕೃತಕ ಬುದ್ಧಿಮತ್ತೆಯ ನೆರವಿನಿಂದ ಕೆಲವೇ ನಿಮಿಷಗಳಲ್ಲಿ ಹೃದಯಾಘಾತ ಹೌದೋ ಅಲ್ಲವೋ ಎಂಬ ವರದಿ ಬರುತ್ತದೆ. ಹೌದಾದರೆ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ.

ಈ ಸರಪಣಿಯ ಮೊದಲ ಕೊಂಡಿಯನ್ನು ಮಾತ್ರ ಯಾರೂ ಹೊಗಳುವುದಿಲ್ಲ. ನಮ್ಮ ಜನಕ್ಕೆ ಎದೆನೋವೆಂದರೆ 'ಗ್ಯಾಸ್ಟ್ರಿಕ್'. ಹೊಲದಿಂದ ಬೆವರುತ್ತ ಬಂದವನು, "ಏನಿಲ್ಲ ಸಿಸ್ಟರ್, ಗ್ಯಾಸ್ ತುಂಬ್ಕಂಡು ಎದೆ ಹಿಡ್ಕಂಡೈತೆ, ಒಂದ್ ಮಾತ್ರೆ ಕೊಡಿ ಸಾಕು" ಎನ್ನುತ್ತಾನೆ. ಅವನ ಮಾತನ್ನು ನಂಬದೆ ಅವನ ಬೆವರನ್ನು ನಂಬಿ, "ಮೊದ್ಲು ಈ ಮಂಚದ ಮೇಲೆ ಮಲ್ಕೊಳಣ್ಣ" ಎಂದು ಇಸಿಜಿಯ ತಂತಿಗಳನ್ನು ಕೈಗೆತ್ತಿಕೊಳ್ಳುವ ದಾದಿಯಿಲ್ಲದಿದ್ದರೆ, ಯಂತ್ರಕ್ಕೆ ಓದಲು ಗೆರೆಯೇ ಇರುವುದಿಲ್ಲ. ಎಣಿಕೆಗೆ ಮುಂಚಿನ ಎಚ್ಚರ ಮನುಷ್ಯನದೇ.

ಆ ಎಚ್ಚರವನ್ನೇ ಯಂತ್ರಕ್ಕೆ ಪಾಠವಾಗಿ ಕೊಟ್ಟವರೂ ಇದ್ದಾರೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಾರಾ ರೊಸೆಟ್ಟಿ, ತಾವೇ ದಾದಿಯಾಗಿ ತರಬೇತಿ ಪಡೆದವರು, ತಮ್ಮ ಸಂಗಡಿಗರೊಡನೆ ರೂಪಿಸಿದ ಪದ್ಧತಿಯ ಹೆಸರು 'ಕನ್ಸರ್ನ್', ಕನ್ನಡದಲ್ಲಿ ಕಳವಳವೆನ್ನಬಹುದು. ರೋಗಿಯ ಬಿಪಿ ಎಷ್ಟಿತ್ತೆಂಬುದಕ್ಕಿಂತ, ದಾದಿಯು ಅದನ್ನು ಎಷ್ಟು ಸಲ ನೋಡಿದಳೆಂಬುದರ ಮೇಲೆ ಇದರ ದೃಷ್ಟಿ. ವಾಡಿಕೆಯ ವೇಳೆಯಲ್ಲದ ವೇಳೆಯಲ್ಲಿ ನಾಡಿ ನೋಡಿದಳೆ, ನಡುರಾತ್ರಿಯಲ್ಲಿ ಎರಡು ಸಾಲು ಟಿಪ್ಪಣಿ ಬರೆದಳೆ, ನಿಯಮಕ್ಕಿಂತ ಹೆಚ್ಚು ಸಲ ಮಂಚದ ಬಳಿ ಹೋದಳೆ? ಹಾಗಾದರೆ ಆಕೆಗೆ ಏನೋ ಸರಿಯಿಲ್ಲವೆಂದು ತೋರಿದೆ; ಬಾಯಿಬಿಟ್ಟು ಹೇಳಲು ಕಾರಣ ಇನ್ನೂ ಸಿಕ್ಕಿಲ್ಲ. ಆ ಹೇಳದ ಕಳವಳವನ್ನು ಓದಿ ವೈದ್ಯರ ಗಮನಕ್ಕೆ ತರುವುದು ಈ ಪದ್ಧತಿಯ ಕೆಲಸ. ಅರವತ್ತು ಸಾವಿರಕ್ಕೂ ಹೆಚ್ಚು ರೋಗಿಗಳನ್ನೊಳಗೊಂಡ ಪ್ರಯೋಗವೊಂದರ ಫಲಿತಾಂಶ 2025ರಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾಯಿತು: ಈ ಪದ್ಧತಿಯಿದ್ದ ವಾರ್ಡುಗಳಲ್ಲಿ ಸಾವಿನ ಸಂಭವವು ಶೇಕಡ 35ರಷ್ಟು ಕಡಿಮೆಯಾಗಿತ್ತು. ದಾದಿಯ ಅನುಭವಕ್ಕೆ ಗಣಿತವು ಸಲ್ಲಿಸಿದ ಗೌರವ ಇದಕ್ಕಿಂತ ದೊಡ್ಡದಾಗಿ ಬೇರೆಲ್ಲೂ ನನಗೆ ಕಂಡಿಲ್ಲ.

ಎಲ್ಲ ಯಂತ್ರವೂ ಹೀಗೆ ಸುಶಿಕ್ಷಿತವಲ್ಲ. ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ ಎಪಿಕ್ ಕಂಪನಿಯ ಮಾದರಿಯೊಂದು, ರಕ್ತಕ್ಕೆ ನಂಜೇರುವ ಸೆಪ್ಸಿಸ್ ಎಂಬ ಸ್ಥಿತಿಯನ್ನು ಮುಂಚಿತವಾಗಿ ಹೇಳುತ್ತದೆಂದು ಹೆಸರಾಗಿತ್ತು. 2021ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಅದನ್ನು ಒರೆಗೆ ಹಚ್ಚಿದಾಗ, ನಂಜೇರಿದ ಮೂವರಲ್ಲಿ ಇಬ್ಬರನ್ನು ಅದು ಗುರುತಿಸಿಯೇ ಇರಲಿಲ್ಲ; ಅತ್ತ, ದಾಖಲಾದ ನೂರು ಮಂದಿಯಲ್ಲಿ ಹದಿನೆಂಟು ಮಂದಿಯ ಬಗ್ಗೆ ಎಚ್ಚರಿಕೆಯ ಕೂಗೆಬ್ಬಿಸಿತ್ತು. ತೋಳ ಬಂತು ತೋಳ ಎಂಬ ಕಥೆಯನ್ನು ನಾವೆಲ್ಲ ಓದಿದ್ದೇವೆ. ದಿನಕ್ಕೆ ನೂರು ಸಲ ವೃಥಾ ಕೂಗುವ ಯಂತ್ರದ ಧ್ವನಿಯನ್ನು ಕಿವಿಯು ಕೇಳಿಸಿಕೊಳ್ಳುವುದನ್ನೇ ನಿಲ್ಲಿಸುತ್ತದೆ, ಮತ್ತು ನೂರೊಂದನೆಯ ಸಲ ತೋಳ ನಿಜವಾಗಿಯೂ ಬಂದಿರುತ್ತದೆ.

ಕಲಿತ ದಾಖಲೆ ಯಾರದೆಂಬುದೂ ಮುಖ್ಯ. ಬೆರಳ ತುದಿಗೆ ಸಿಕ್ಕಿಸಿ ಆಮ್ಲಜನಕವನ್ನು ಅಳೆಯುವ ಸಣ್ಣ ಸಾಧನವು ಕಪ್ಪು ಚರ್ಮದವರಲ್ಲಿ ಆಮ್ಲಜನಕದ ಕೊರತೆಯನ್ನು ಮರೆಮಾಚುವ ಪ್ರಸಂಗಗಳು ಬಿಳಿಯರಲ್ಲಿರುವುದಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಒತ್ತಡದ ಹುಣ್ಣಿನ ಮೊದಲ ಚಿಹ್ನೆ ಚರ್ಮ ಕೆಂಪಾಗುವುದೆಂದು ಪಠ್ಯಪುಸ್ತಕ ಹೇಳುತ್ತದೆ. ಬಿಸಿಲಿನಲ್ಲಿ ದುಡಿದು ಕಪ್ಪಾದ ನಮ್ಮ ರೈತನ ಬೆನ್ನಿನಲ್ಲಿ ಆ ಕೆಂಪು ಕಣ್ಣಿಗೆ ಕಾಣುವುದಿಲ್ಲ. ಬಿಳಿಯ ಬೆನ್ನುಗಳ ಚಿತ್ರವನ್ನೇ ನೋಡಿ ಕಲಿತ ಯಂತ್ರಕ್ಕೂ ಕಾಣುವುದಿಲ್ಲ. ಅಂಗೈಯ ಹಿಂಬದಿಯಿಟ್ಟು, ಸುತ್ತಲಿಗಿಂತ ಅಲ್ಲಿ ಬಿಸಿಯಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡುವ ದಾದಿಗೆ ಮಾತ್ರ ಅದು ತಿಳಿಯುತ್ತದೆ. ಭಾಷೆಯ ತೊಡಕು ಬೇರೆ. ಸಂಕಟ, ತಳಮಳ, ಮೈ ಜುಮ್ಮೆನ್ನುವುದು, ಎದೆ ಹಿಂಡುವುದು, ಕಣ್ಣು ಕತ್ತಲಿಡುವುದು ಎಂದು ರೋಗಿ ಹೇಳಿಕೊಳ್ಳುವ ಹತ್ತು ಬಗೆಯ ಬಾಧೆಗಳು ಕೇಸ್ ಶೀಟಿಗೆ ಇಳಿಯುವ ವೇಳೆಗೆ ಇಂಗ್ಲಿಷಿನ ಒಂದೆರಡು ಪದಗಳಾಗಿ ಬಡವಾಗಿರುತ್ತವೆ. ಯಂತ್ರಕ್ಕೆ ಸಿಗುವುದು ಆ ಬಡತನವಷ್ಟೇ.

ಈಗ ನಮ್ಮ ಎರಡು ಮಂಚಗಳ ಬಳಿಗೆ ಹಿಂದಿರುಗೋಣ. ಇಬ್ಬರ ಅಂಕಿಗಳೂ ಸಮವಾಗಿವೆ. ಯಂತ್ರ ಸೂಚಿಸುವ ಯೋಜನೆಯೂ ಸಮ: ದ್ರವಾಹಾರ ಹೆಚ್ಚಿಸಿರಿ. ಮೇಷ್ಟರು ಗಂಟೆಗೊಮ್ಮೆ ಕೈಯೆತ್ತಿ ನೀರು ಕೇಳುತ್ತಾರೆ. ರೈತನ ತಲೆಯ ಬಳಿಯ ಸ್ಟೀಲ್ ಲೋಟವಾದರೋ ಬೆಳಿಗ್ಗೆ ತುಂಬಿಸಿದ್ದು ತುಂಬಿದಂತೆಯೇ ಇದೆ. ಮಧ್ಯಾಹ್ನದ ಪಾಳಿಗೆ ಬಂದ ದಾದಿ ಲೋಟವನ್ನು ನೋಡಿದಳು.

"ಯಾಕಜ್ಜ, ನೀರು ಹಂಗೇ ಐತಲ್ಲ?"

ಅಜ್ಜ ಗೋಡೆಯ ಕಡೆ ಮುಖ ತಿರುಗಿಸಿದನು. "ಕುಡುದ್ರೆ ಮತ್ತೆ ಒಂದಕ್ಕೋಗ್ಬೇಕಲ್ಲವ್ವ. ಮೊಮ್ಮಗಳಂಗಿದೀಯ, ನಿನ್ ಕೈಲಿ ಪಾಟ್ ಹಿಡ್ಸಾಕೆ ನಾಚ್ಕೆ ಆಯ್ತದೆ."

ನೀರಿನ ಕೊರತೆಗೆ ಕಾರಣ ಮೂತ್ರಕೋಶದ್ದಲ್ಲ, ಜ್ವರದ್ದೂ ಅಲ್ಲ, ಮಾನದ್ದು. ಅವಳು ಪುರುಷ ನರ್ಸೊಬ್ಬರಿಗೆ ಹೇಳಿದಳು; ಸಂಜೆಯ ಬಸ್ಸಿಗೆ ಬರುವ ಮಗನಿಗೆ ಹೇಗೆ ಹಿಡಿಯಬೇಕೆಂದು ತೋರಿಸಿಕೊಟ್ಟಳು; ಪಾಟನ್ನು ಅಜ್ಜನ ಕೈಗೆಟುಕುವಂತೆ ಮಂಚದ ಕೊಕ್ಕೆಗೆ ತೂಗುಹಾಕಿದಳು. ಆಮೇಲೆ ಇದಿಷ್ಟನ್ನೂ ಆರೈಕೆಯ ಯೋಜನೆಯಲ್ಲಿ ಒಂದು ಸಾಲಾಗಿ ಬರೆದಳು. ಆ ಸಾಲು ಬರೆಯುವವರೆಗೆ ಲೋಕದ ಯಾವ ಗಣಕಕ್ಕೂ ಆ ಸಂಗತಿ ತಿಳಿದಿರಲಿಲ್ಲ. ಬರೆದ ಮೇಲೆ, ಮುಂದಿನ ಪಾಳಿಯವರಿಗೂ ಅದನ್ನು ತಪ್ಪದೆ ನೆನಪಿಸಬಲ್ಲ ಸಾಮರ್ಥ್ಯ ಗಣಕಕ್ಕೆ ಬಂದಿತು.

ಆದುದರಿಂದ ಈ ಹೊಸ ಸಹಾಯಕನ ಯೋಗ್ಯತೆಯನ್ನು ಅಳೆಯಲು ನನಗೆ ತೋರುವ ಅಳತೆಗೋಲು ಒಂದೇ: ಅದು ದಾದಿಯನ್ನು ಮಂಚದ ಬಳಿಗೆ ಕಳಿಸುತ್ತದೆಯೋ, ಪರದೆಯ ಬಳಿಗೆ ಎಳೆಯುತ್ತದೆಯೋ? ಏಳೆಂಟು ರಿಜಿಸ್ಟರುಗಳಿಗೆ ಒಂದೇ ಅಂಕಿಯನ್ನು ಬರೆಯುವ ಸಂಕಟವನ್ನು ತಪ್ಪಿಸಿ, ಕನ್ನಡದಲ್ಲಿ ಹೇಳಿದ್ದನ್ನು ಕೇಳಿ ಟಿಪ್ಪಣಿ ಬರೆದುಕೊಂಡು, ಪಾಳಿಗೆ ಅರ್ಧ ಗಂಟೆಯನ್ನು ಆಕೆಗೆ ಹಿಂದಿರುಗಿಸಿದರೆ ಅದು ಉಪಕಾರಿ. ಹಾಗಲ್ಲದೆ, ಯಂತ್ರ ಬಂದಿತೆಂಬ ನೆಪದಿಂದ ಖಾಲಿ ಹುದ್ದೆಗಳನ್ನು ತುಂಬದೆ, ಐವರನ್ನು ನೋಡುವವಳಿಗೆ ಹದಿನೈದು ಮಂದಿಯನ್ನು ವಹಿಸುವುದಾದರೆ ಅದು ಶುಶ್ರೂಷೆಯ ಹೆಸರಿನಲ್ಲಿ ನಡೆಯುವ ವಂಚನೆ.

ಹೊಣೆಗಾರಿಕೆಯ ಮಾತೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿಯೂ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2023ರಲ್ಲಿಯೂ ಪ್ರಕಟಿಸಿದ ಮಾರ್ಗಸೂಚಿಗಳೆರಡೂ, ನಿರ್ಣಯದ ಸೂತ್ರ ಮನುಷ್ಯನ ಕೈಯಲ್ಲಿಯೇ ಇರಬೇಕೆಂದು ಹೇಳುತ್ತವೆ. ಯಂತ್ರ ಸಲಹೆ ಕೊಡಬಹುದು. ಸಹಿ ಹಾಕುವುದು ದಾದಿ. ಸಹಿ ಆಕೆಯದಾದ ಮೇಲೆ, ಸಲಹೆಯನ್ನು ತಳ್ಳಿಹಾಕುವ ಅಧಿಕಾರವೂ, ಹಾಗೆ ಏಕೆ ಹೇಳಿದೆಯೆಂದು ಯಂತ್ರವನ್ನು ಪ್ರಶ್ನಿಸುವ ಹಕ್ಕೂ ಆಕೆಗೆ ಇರತಕ್ಕದ್ದು. ಯಂತ್ರವನ್ನು ಕೊಳ್ಳುವ ಸಮಿತಿಯಲ್ಲಿ ವೈದ್ಯರೂ ಇಂಜಿನಿಯರರೂ ಲೆಕ್ಕಾಧಿಕಾರಿಗಳೂ ಇದ್ದು, ಅದನ್ನು ರಾತ್ರಿ ಎರಡು ಗಂಟೆಗೆ ಬಳಸಬೇಕಾದವಳಿಗೆ ಒಂದು ಕುರ್ಚಿಯೂ ಇಲ್ಲದಿರುವುದು ನ್ಯಾಯವಲ್ಲ.

ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯ ಹಿರಿಯರು ಆಸ್ಪತ್ರೆಯಲ್ಲಿ ಮಲಗಿದ್ದಾಗ, ಅವರು ಊಟ ಬಿಟ್ಟದ್ದನ್ನು, ನಿದ್ದೆಯಲ್ಲಿ ಬಡಬಡಿಸಿದ್ದನ್ನು, ಯಾವ ಮಗ್ಗುಲಿಗೆ ತಿರುಗಿದರೆ ಮುಖ ಕಿವಿಚುತ್ತಾರೆಂಬುದನ್ನು, ಯಾವುದಕ್ಕೆ ನಾಚಿಕೊಳ್ಳುತ್ತಾರೆಂಬುದನ್ನು ಪಾಳಿಯ ಸಿಸ್ಟರಿಗೆ ತಪ್ಪದೆ ಹೇಳಿ, ಅದನ್ನು ಬರೆದುಕೊಳ್ಳುವಂತೆ ಕೇಳಿಕೊಳ್ಳಿ. ನೀವು ಹೇಳಿದರೆ ದಾದಿಗೆ ತಿಳಿಯುತ್ತದೆ, ಆಕೆ ಬರೆದರೆ ಯಂತ್ರಕ್ಕೆ ತಿಳಿಯುತ್ತದೆ. ಇದಲ್ಲದೆ ಅದಕ್ಕೆ ತಿಳಿಯುವ ಬೇರೆ ದಾರಿ ಇಲ್ಲ.